ಎಂಟನೇ ಕ್ರಾಸಿನ ಮುಯ್ಯಿ

ನಮ್ಮ ಕಡೆ ಮುಯ್ಯಿ ಅಂತ ಒಂದು ಪದ್ಧತಿ ಇದೆ. ಮದುವೆ, ಗೃಹಪ್ರವೇಶ, ನಾಮಕರಣ ಯಾವುದೇ ಇರಲಿ, ಊಟದ ಪಂಕ್ತಿಯ ಪಕ್ಕದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರ್ತಾರೆ. ಯಾರು ಎಷ್ಟು ಕೊಟ್ಟರು, ಯಾರು ಪಾತ್ರೆ ತಂದರು, ಯಾರು ಪಂಚೆ ಹೊದಿಸಿದರು, ಎಲ್ಲವೂ ಹೆಸರು, ಊರಿನ ಸಮೇತ ದಾಖಲು. ನಾಳೆ ಅವರ ಮನೆಯಲ್ಲಿ ಕಾರ್ಯ ಬಂದಾಗ ಆ ಪುಸ್ತಕ ತೆಗೆದು ನೋಡಿ, ಅವರು ಕೊಟ್ಟಿದ್ದಕ್ಕೆ ಒಂದಿಷ್ಟು ಮೇಲೆ ಸೇರಿಸಿ ಹಿಂದಿರುಗಿಸಬೇಕು. ಕಮ್ಮಿ ಹಾಕಿದರೆ ಮುಂದಿನ ಹತ್ತು ವರ್ಷ ಮಾತು ಕೇಳಬೇಕಾಗತ್ತೆ.

ಈ ಮುಯ್ಯಿ ನಾಟಕದ ಸ್ಟೇಜಿಗೂ ಬರತ್ತೆ ಅನ್ನೋದು ತುಮಕೂರು, ಮಂಡ್ಯ ಕಡೆಯವರಿಗೆ ಗೊತ್ತಿರತ್ತೆ. ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ಆಡ್ತಾರೆ. ಹಾರ್ಮೋನಿಯಂ ಮೇಷ್ಟ್ರು ಎರಡು ಮೂರು ತಿಂಗಳು ಊರಲ್ಲೇ ಇದ್ದು ಕಲಿಸ್ತಾರೆ. ಪಾತ್ರ ಬೇಕಾದವರು ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಜಾಸ್ತಿ, ದೂತನಿಗೆ ಕಮ್ಮಿ. ರಾತ್ರಿ ಹನ್ನೊಂದಕ್ಕೆ ದುರ್ಯೋಧನ ಗದೆ ಹೊತ್ತು ಬಂದು ಒಂದು ಕಂದ ಪದ್ಯ ಹಾಡಿ ಉಸಿರು ತಗೊಳ್ಳೋ ಹೊತ್ತಿಗೆ ಅವನ ಭಾವಮೈದುನ ಸ್ಟೇಜ್ ಹತ್ತಿ ಉಂಗುರ ತೊಡಿಸ್ತಾನೆ, ನೋಟಿನ ಹಾರ ಹಾಕ್ತಾನೆ. ಮೈಕಿನಲ್ಲಿ ಅನೌನ್ಸ್ ಆಗತ್ತೆ. ಅಲ್ಲೀತನಕ ಕುರುಕ್ಷೇತ್ರ ಯುದ್ಧ ನಿಂತಿರತ್ತೆ. ಯಾರಿಗೂ ಬೇಜಾರಿಲ್ಲ.

ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ನನಗೆ ಇದರ ಇಂಗ್ಲಿಷ್ ಅವತಾರದ ಪರಿಚಯ ಆಯ್ತು. 'ಗಿವಿಂಗ್ ಬ್ಯಾಕ್' ಅಂತ. ವರ್ಷಕ್ಕೊಂದು ಸಲ ಕಂಪನಿಯವರು ಒಂದೇ ಬಣ್ಣದ ಟೀಶರ್ಟ್ ಕೊಟ್ಟು ಯಾವುದೋ ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿಸ್ತಾರೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಇಂಥದ್ದಕ್ಕೆ ಖರ್ಚು ಮಾಡಲೇಬೇಕು. ಕೆಟ್ಟದ್ದೇನಲ್ಲ. ಆದರೆ ಯಾರಿಂದ ತಗೊಂಡಿದ್ದು, ಯಾರಿಗೆ ಹಿಂದಿರುಗಿಸ್ತಿರೋದು ಅನ್ನೋ ನೋಟ್‌ಬುಕ್ ಇಲ್ಲಿ ಇರೋದಿಲ್ಲ. ಫೋಟೋ ಇರತ್ತೆ.

ನಿಜವಾಗಿ ಮುಯ್ಯಿ ತೀರಿಸಿದ ಒಂದು ಕಥೆ ನಮ್ಮ ಏರಿಯಾದಲ್ಲೇ ಇದೆ. ನಾನಿರೋದು ಜರಗನಹಳ್ಳಿಯಲ್ಲಿ. ಕನಕಪುರ ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಳಗೆ ಸಾರಕ್ಕಿ ಸಿಗ್ನಲ್ ತನಕ ಬಂದು, ಬಲಕ್ಕೆ ತಿರುಗಿ, ಮಾರ್ಕೆಟ್ಟಿನ ಗದ್ದಲ ದಾಟಿ ಜೆ.ಪಿ. ನಗರ ಎರಡನೇ ಹಂತಕ್ಕೆ ಹೋದರೆ ಎಂಟನೇ ಕ್ರಾಸಿನಲ್ಲಿ ರಂಗಶಂಕರ ಸಿಗತ್ತೆ. ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ ರಂಗಮಂದಿರ ಅಂತ ಎಲ್ಲರಿಗೂ ಗೊತ್ತು. ಗಂಡನ ನೆನಪಿಗೆ ಹೆಂಡತಿ ಕಟ್ಟಿಸಿದ್ದು ಅಂದುಬಿಟ್ಟರೆ ತಾಜಮಹಲನ್ನ ತಿರುಗಿಸಿ ಹೇಳಿದ ಹಾಗಾಗತ್ತೆ, ಪೇಪರಿನವರೂ ಹಾಗೇ ಬರೀತಾರೆ. ನನಗೆ ಅದಕ್ಕಿಂತ ಕುತೂಹಲ ಇರೋದು ಬೇರೆ ವಿಷಯದಲ್ಲಿ. ಕನ್ನಡ ನಾಟಕಕ್ಕೆ ದಿನಾ ದೀಪ ಹಚ್ಚೋ ಒಂದು ಮನೆ ಕಟ್ಟಿದ ಈ ನಟಿ ದಿಲ್ಲಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು.

ಅರುಂಧತಿ ರಾವ್ ಹುಟ್ಟಿದ್ದು 1956ರಲ್ಲಿ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಮನೆಯವರು ದಿಲ್ಲಿಯಿಂದ ಮುಂಬೈಗೆ ಹೋದರು. ಅಲ್ಲಿ ಇಪ್ಟಾ ಸಹವಾಸ, ಮರಾಠಿ ನಾಟಕ, ಗುಜರಾತಿ ನಾಟಕ, ಹಿಂದಿ ನಾಟಕ. ಹದಿನೇಳು ವರ್ಷಕ್ಕೆ ಶಂಕರ್ ಅನ್ನೋ ಹುಡುಗ ಸಿಕ್ಕಿದ, ಅವನೂ ನಾಟಕದ ಹುಚ್ಚಿನವನೇ. ಆ ಹುಡುಗ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಮನೆಮಾತು ಕೊಂಕಣಿ, ಮನೆತನದ ಹೆಸರು ನಾಗರಕಟ್ಟೆ. ಓದಿನ ನಂತರ ಮುಂಬೈಗೆ ಹೋಗಿ ಮರಾಠಿ ರಂಗಭೂಮಿ ಸೇರಿಕೊಂಡಿದ್ದ. '22 ಜೂನ್ 1897' ಅನ್ನೋ ಮರಾಠಿ ಸಿನಿಮಾದ ಬರವಣಿಗೆಯಲ್ಲೂ ಅವನ ಕೈ ಇತ್ತು. ಅಂದರೆ ಇಪ್ಪತ್ತರ ಹರೆಯದಲ್ಲಿ ಇಬ್ಬರನ್ನೂ ನೋಡಿದವರು ಇವರು ಮರಾಠಿ ರಂಗಭೂಮಿಯಲ್ಲೇ ನೆಲೆ ನಿಲ್ತಾರೆ ಅಂದುಕೊಂಡಿದ್ದರೆ ತಪ್ಪೇನಿರಲಿಲ್ಲ.

ಶಂಕರ್‌ನ ಕನ್ನಡಕ್ಕೆ ಎಳೆದು ತಂದಿದ್ದು ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ'. 1978ರ ಸಿನಿಮಾ. ಅದರಲ್ಲಿನ ಪಾತ್ರಕ್ಕೆ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅಣ್ಣ ಅನಂತನಾಗ್ ಅಷ್ಟು ಹೊತ್ತಿಗಾಗಲೇ ಇಲ್ಲಿ ಹೆಸರು ಮಾಡಿದ್ದರು. ಅರುಂಧತಿ ಮದುವೆಯಾಗಿ ಬೆಂಗಳೂರಿಗೆ ಬಂದರು. ಇಲ್ಲಿ ನಿಂತು ಒಂದು ಸಣ್ಣ ಲೆಕ್ಕ ಮಾಡೋಣ. ಕರೆದ ಕಾರ್ನಾಡರ ಮನೆಮಾತು ಕೊಂಕಣಿ, ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಬಂದ ಶಂಕರ್ ಮನೆಮಾತು ಕೊಂಕಣಿ, ಪಳಗಿದ್ದು ಮರಾಠಿ ರಂಗಭೂಮಿಯಲ್ಲಿ. ಜೊತೆಗೆ ಬಂದ ಅರುಂಧತಿ ಮರಾಠಿ, ಗುಜರಾತಿ, ಹಿಂದಿ ರಂಗದವರು. ಈ ಮೂವರನ್ನ ಬಿಟ್ಟು ಕನ್ನಡದ ಆಧುನಿಕ ರಂಗಭೂಮಿಯ ಚರಿತ್ರೆ ಬರೆಯೋಕೆ ಹೋಗಿ ನೋಡಿ. ಬೇಂದ್ರೆ ಮನೆಮಾತು ಮರಾಠಿ, ಮಾಸ್ತಿ ಮನೆಮಾತು ತಮಿಳು ಅಂತ ನಾವು ರಾಜ್ಯೋತ್ಸವದ ಭಾಷಣದಲ್ಲಿ ಹೆಮ್ಮೆಯಿಂದ ಹೇಳ್ತೀವಿ. ಆ ಭಾಷಣ ಮುಗಿಸಿ ಕೆಳಗಿಳಿದ ಮೇಲೆ ಪಕ್ಕದ ಮನೆಗೆ ಬಾಡಿಗೆಗೆ ಬಂದವನ ಬಗ್ಗೆ ಏನು ಮಾತಾಡ್ತೀವಿ ಅನ್ನೋದು ಬೇರೆ ಮಾತು.

ಬೆಂಗಳೂರಿನಲ್ಲಿ ಗಂಡ ಹೆಂಡತಿ ಸೇರಿ 'ಸಂಕೇತ್' ಅನ್ನೋ ನಾಟಕ ತಂಡ ಕಟ್ಟಿದರು. 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾಛಾಯಾ', '27 ಮಾವಳ್ಳಿ ಸರ್ಕಲ್', ಆಮೇಲೆ 'ನಾಗಮಂಡಲ'. ಪಟ್ಟಿ ನೋಡಿದರೆ ಒಂದು ವಿಷಯ ಕಾಣತ್ತೆ. ಇದರಲ್ಲಿ ಜಯವಂತ ದಳವಿಯವರ ಮರಾಠಿ ನಾಟಕ ಇದೆ, ಇಂಗ್ಲಿಷಿನ ಥ್ರಿಲ್ಲರ್ ಬಂದು ಮಾವಳ್ಳಿಯಲ್ಲಿ ಮನೆ ಮಾಡಿದೆ, ಕಾರ್ನಾಡರ ಸ್ವಂತ ಕನ್ನಡವೂ ಇದೆ. ಮುಂಬೈಯಿಂದ ಬಂದವರು ಕೈಬೀಸಿಕೊಂಡು ಬಂದಿರಲಿಲ್ಲ, ಬುತ್ತಿ ಕಟ್ಟಿಕೊಂಡೇ ಬಂದಿದ್ದರು.

ಶಂಕರ್‌ನಾಗ್ ಬಗ್ಗೆ ಜಾಸ್ತಿ ಹೇಳಲ್ಲ, ಹೇಳೋರು ಬೇಕಾದಷ್ಟು ಜನ ಇದ್ದಾರೆ. ನವೆಂಬರ್ 9 ಬಂದರೆ ವಾಟ್ಸಾಪಿನಲ್ಲಿ ನಂದಿಬೆಟ್ಟದ ರೋಪ್‌ವೇ, ಮೆಟ್ರೋ ಕನಸು ಎಲ್ಲವೂ ಸಾಲಾಗಿ ಬರತ್ತೆ. 'ಆಟೋ ರಾಜ' ಬಂದು ನಾಲ್ಕು ದಶಕ ಕಳೆದರೂ ನಮ್ಮ ಆಟೋಗಳ ಹಿಂದೆ ಅವರ ಫೋಟೋ ಇದೆ, ಎಷ್ಟೋ ಆಟೋ ಸ್ಟಾಂಡಿಗೆ ಅವರದೇ ಹೆಸರು. ಅವರ ಕೆಲಸಗಳಲ್ಲಿ ನನಗೆ ಮುಖ್ಯ ಅನ್ನಿಸೋದು ಎರಡು. ಒಂದು ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ. ಕನ್ನಡ ಸಿನಿಮಾದವರು ಧ್ವನಿ ಕೆಲಸಕ್ಕೆ ಮದ್ರಾಸಿಗೆ ಗಂಟುಮೂಟೆ ಕಟ್ಟುತ್ತಿದ್ದ ಕಾಲದಲ್ಲಿ ಅದನ್ನ ಬೆಂಗಳೂರಲ್ಲೇ ಮಾಡಬಹುದು ಅಂತ ಹೊರಟಿದ್ದು. ಇನ್ನೊಂದು 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಊರನ್ನ ಆಗುಂಬೆಯಲ್ಲಿ ಹುಡುಕಿ, ಕನ್ನಡದ ನಟ ನಟಿಯರ ಬಾಯಲ್ಲಿ ಹಿಂದಿ ಆಡಿಸಿ ಇಡೀ ದೇಶಕ್ಕೆ ತೋರಿಸಿದ್ದು. ತೊಂಬತ್ತರ ದಶಕದ ಕೊನೇಲಿ ನಮ್ಮೂರಿನ ಒಂದೇ ಒಂದು ಟಿವಿ ಮುಂದೆ ಕೂತು ಅದರ ಮರುಪ್ರಸಾರ ನೋಡುವಾಗ ಹಿಂದಿ ಒಂದಕ್ಷರ ಅರ್ಥ ಆಗದಿದ್ದರೂ ಅದು ನಮ್ಮದೇ ಅಂತ ಗೊತ್ತಾಗ್ತಿತ್ತು. ಹೆಂಚು ನಮ್ಮದು, ಜಗುಲಿ ನಮ್ಮದು, ಆ ಹುಡುಗನ ಚಡ್ಡಿ ಕೂಡ ನಮ್ಮದೇ.

1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆ ಹೊರಟಿದ್ದ ಕಾರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿತು. ಶಂಕರ್‌ಗೆ ಇನ್ನೂ 36 ತುಂಬಿರಲಿಲ್ಲ. ಅದೇ ಕಾರಿನಲ್ಲಿ ಅರುಂಧತಿ ಇದ್ದರು, ಪುಟ್ಟ ಮಗಳಿದ್ದಳು. ಇಬ್ಬರೂ ಬದುಕಿದರು, ಅರುಂಧತಿಗೆ ಏಟು ಬಲವಾಗಿತ್ತು. ನಾನು ಹುಟ್ಟಿದ್ದು ಅದೇ ವರ್ಷ. ಹಾಗಾಗಿ ಶಂಕರ್‌ನಾಗ್ ಇಲ್ಲದೆ ಎಷ್ಟು ವರ್ಷ ಆಯ್ತು ಅನ್ನೋದಕ್ಕೆ ನನಗೆ ಕ್ಯಾಲೆಂಡರ್ ಬೇಕಾಗಲ್ಲ.

ಈ ಜಾಗದಲ್ಲಿ ನಿಂತು ಯೋಚನೆ ಮಾಡಿ. ಮೂವತ್ತನಾಲ್ಕು ವರ್ಷದ ಹೆಣ್ಣುಮಗಳು. ಕೈಯಲ್ಲಿ ಮಗು. ಯಾವ ಭಾಷೆಗೆ, ಯಾವ ಊರಿಗೆ ಅವರು ಬಂದಿದ್ದರೋ ಅಲ್ಲಿಗೆ ಕರೆತಂದವನೇ ಇಲ್ಲ. ಮುಂಬೈಗೆ ವಾಪಸ್ ಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ, ಅಲ್ಲಿ ಮೂರು ಭಾಷೆಯ ರಂಗಭೂಮಿ ಇತ್ತು. ಅವರು ಹೋಗಲಿಲ್ಲ. 1992ರಲ್ಲಿ ಸಂಕೇತ್ ಟ್ರಸ್ಟ್ ಆಯ್ತು, ಕಾರ್ನಾಡರೂ ಅದರಲ್ಲಿದ್ದರು. ಗುರಿ ಒಂದೇ, ನಾಟಕಕ್ಕೆ ಅಂತಲೇ ಒಂದು ರಂಗಮಂದಿರ.

ಬೆಂಗಳೂರಲ್ಲಿ ರಂಗಮಂದಿರ ಇರಲಿಲ್ಲವಾ? ಇತ್ತು. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿನಲ್ಲಿ ಎದ್ದ ರವೀಂದ್ರ ಕಲಾಕ್ಷೇತ್ರ ಅರವತ್ತರ ದಶಕದಿಂದ ಇದೆ, ಕನ್ನಡದ ದೊಡ್ಡ ದೊಡ್ಡ ನಾಟಕಗಳೆಲ್ಲ ಅಲ್ಲೇ ಆಗಿವೆ. ಆದರೆ ಅದು ಎಲ್ಲರ ಮನೆ. ಸನ್ಮಾನ ಸಮಾರಂಭ, ಪುಸ್ತಕ ಬಿಡುಗಡೆ, ಸಂಘದ ವಾರ್ಷಿಕೋತ್ಸವ, ಮಂತ್ರಿಗಳ ಕಾರ್ಯಕ್ರಮ ಎಲ್ಲದರ ಮಧ್ಯೆ ನಾಟಕದವರೂ ದಿನಾಂಕಕ್ಕೆ ಕಾಯಬೇಕು. ಶಂಕರ್ ಅರುಂಧತಿ ಮುಂಬೈಯಲ್ಲಿ ಬೇರೆ ಥರದ್ದನ್ನ ನೋಡಿದ್ದರು. 1978ರಲ್ಲಿ ಶಶಿ ಕಪೂರ್ ಮತ್ತು ಜೆನಿಫರ್ ಕೆಂಡಲ್ ಜುಹುವಿನಲ್ಲಿ ಪೃಥ್ವಿ ಥಿಯೇಟರ್ ಶುರು ಮಾಡಿದ್ದರು, ಊರೂರು ತಿರುಗಿ ನಾಟಕ ಆಡಿಸುತ್ತಿದ್ದ ಅಪ್ಪ ಪೃಥ್ವಿರಾಜ್ ಕಪೂರ್ ನೆನಪಿಗೆ. ಚಿಕ್ಕ ಮಂದಿರ, ದಿನಾ ನಾಟಕ, ಪಕ್ಕದಲ್ಲಿ ಒಂದು ಕೆಫೆ. ನಟನಿಗೆ ಇವತ್ತು ಆಡಿದ್ದನ್ನ ನಾಳೆ ಮತ್ತೆ ಆಡೋ ಅವಕಾಶ. ನಾಟಕದವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಆರು ತಿಂಗಳು ರಿಹರ್ಸಲ್ ಮಾಡಿ ಒಂದೇ ರಾತ್ರಿ ಆಡಿ ಮುಗಿಸೋ ನಮ್ಮೂರಿನ ದುರ್ಯೋಧನನಿಗೆ ಕೇಳಿದರೂ ಇದನ್ನೇ ಹೇಳ್ತಾನೆ.

ಟ್ರಸ್ಟ್ ಆಗಿದ್ದು 1992, ಬಾಗಿಲು ತೆರೆದಿದ್ದು 2004ರ ಅಕ್ಟೋಬರ್. ಮಧ್ಯೆ 12 ವರ್ಷ. ಸರ್ಕಾರ ಜಾಗ ಕೊಟ್ಟಿತು. ಆಮೇಲಿನ ದುಡ್ಡಿಗೆ ಸರ್ಕಾರ, ಕಂಪನಿ, ಸ್ನೇಹಿತರು, ಅಭಿಮಾನಿಗಳು ಅಂತ ಮನೆ ಮನೆ ಬಾಗಿಲು ತಟ್ಟಬೇಕಾಯ್ತು. ಈ 12 ವರ್ಷದ ಬಗ್ಗೆ ಹೇಳೋಕೆ ರೋಚಕವಾದ್ದು ಏನೂ ಸಿಗಲ್ಲ, ಅದೇ ಅದರ ವಿಶೇಷ. ಫೈಲು, ಸಹಿ, ಮನವಿ, 'ಮುಂದಿನ ವಾರ ಬನ್ನಿ'. ಸಿನಿಮಾ ಮಾಡಿದರೆ ಎರಡು ನಿಮಿಷದ ಹಾಡಿನಲ್ಲಿ ಮುಗಿಸಿಬಿಡ್ತಾರೆ. ತಾಲ್ಲೂಕು ಕಚೇರಿಯಲ್ಲಿ ಒಂದು ಪಹಣಿ ತಿದ್ದಿಸೋಕೆ ಅಪ್ಪನ ಜೊತೆ ಅಲೆದಿರೋ ಯಾರಿಗಾದರೂ ಆ 12 ವರ್ಷ ಏನು ಅಂತ ಅರ್ಥ ಆಗತ್ತೆ.

ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿ ವಿನ್ಯಾಸ ಮಾಡಿದ ಕಟ್ಟಡದಲ್ಲಿ ಮುನ್ನೂರ ಚಿಲ್ಲರೆ ಸೀಟುಗಳಿವೆ. ಪ್ರೇಕ್ಷಕರ ಕಡೆಗೆ ಚಾಚಿಕೊಂಡ ವೇದಿಕೆ, ಕಡಿದಾಗಿ ಮೇಲೇರೋ ಸಾಲುಗಳು. ಹಿಂದಿನ ಸಾಲಿನಲ್ಲಿ ಕೂತರೂ ನಟನ ಹಣೆಯ ಬೆವರು ಕಾಣತ್ತೆ. ಸೋಮವಾರ ಬಿಟ್ಟು ವಾರದ ಆರೂ ದಿನ ನಾಟಕ. ತಂಡಗಳಿಗೆ ಬಾಡಿಗೆಯನ್ನ ಬೇಕಂತಲೇ ಕಮ್ಮಿ ಇಟ್ಟಿದ್ದಾರೆ. ಖರ್ಚು ಅದರಲ್ಲಿ ಹುಟ್ಟಲ್ಲ, ಉಳಿದಿದ್ದನ್ನ ಟ್ರಸ್ಟ್ ಎಲ್ಲಿಂದಲೋ ಹೊಂದಿಸಬೇಕು, ಪ್ರತಿ ವರ್ಷ. 2006ರಿಂದ 'ಆಹಾ!' ಅನ್ನೋ ಹೆಸರಲ್ಲಿ ಮಕ್ಕಳ ರಂಗಭೂಮಿ ನಡೀತಿದೆ. ಕೆಳಗಿನ ಕೆಫೆಯ ಸಾಬೂದಾನ ವಡೆಗೆ ನಾಟಕ ನೋಡದವರೂ ಬರ್ತಾರೆ. ಅದನ್ನ ನಾನು ರಂಗಭೂಮಿಯ ಸೇವೆ ಅಂತಲೇ ಪರಿಗಣಿಸ್ತೀನಿ.

ಇನ್ನು ಬಾಗಿಲು. ಏಳೂವರೆ ಅಂದರೆ ಏಳೂವರೆ. ಮೂರನೇ ಬೆಲ್ ಆದಮೇಲೆ ಬಾಗಿಲು ಹಾಕಿದರೆ ಮುಗೀತು, ಟಿಕೆಟ್ ಇದ್ದರೂ ಒಳಗೆ ಬಿಡಲ್ಲ, ಯಾರೇ ಆಗಿದ್ದರೂ ಬಿಡಲ್ಲ. ಬೆಂಗಳೂರಿನಂಥ ಊರಲ್ಲಿ, ಔಟರ್ ರಿಂಗ್ ರೋಡಿನಿಂದ ಜೆ.ಪಿ. ನಗರಕ್ಕೆ ಎರಡು ಗಂಟೆ ಹಿಡಿಯೋ ಊರಲ್ಲಿ, ಇದು ಕ್ರೂರ ಅಂತ ವಾದ ಮಾಡೋರು ಇದ್ದಾರೆ. ಗೇಟಿನ ಹತ್ತಿರ ಒಬ್ಬರು ತಮ್ಮ ಹುದ್ದೆ ಹೇಳಿಕೊಂಡು ಜಗಳ ಆಡ್ತಾ ಇದ್ದದ್ದನ್ನ ನಾನೇ ನೋಡಿದ್ದೀನಿ. ಬಾಗಿಲ ಹುಡುಗ ನಗುಮುಖದಿಂದ ನಿಂತಿದ್ದ, ಬಾಗಿಲು ತೆಗೀಲಿಲ್ಲ. ಮಂತ್ರಿ ಬರೋ ತನಕ ಒಂದೂವರೆ ಗಂಟೆ ಕಾಯಿಸೋ ಸಭಾಂಗಣಗಳನ್ನ ನೋಡಿ ಬೆಳೆದ ನನಗೆ ಅದು ಪ್ರಜಾಪ್ರಭುತ್ವದ ಪಾಠದ ಥರ ಕಂಡಿತು. ಒಳಗೆ ಕತ್ತಲಲ್ಲಿ ನಿಂತಿರೋ ನಟ, ಅವನು ಕಾಲೇಜು ಹುಡುಗನೇ ಆಗಿರಲಿ, ಹೊರಗಿರೋ ದೊಡ್ಡ ಮನುಷ್ಯನಿಗಿಂತ ಆ ಹೊತ್ತಿಗೆ ಮುಖ್ಯ.

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಒಂದು ಮಾತಿದೆ. ಹೊಸ ಪ್ರಾಡಕ್ಟ್ ರಿಲೀಸ್ ಆದ ದಿನ ಕೇಕ್ ಕತ್ತರಿಸೋಕೆ ಎಲ್ಲರೂ ಇರ್ತಾರೆ, ಐದನೇ ವರ್ಷದ ಮೇಂಟೆನೆನ್ಸಿಗೆ ಯಾರೂ ಇರಲ್ಲ. ಪ್ರಮೋಷನ್ ಸಿಗೋದು ರಿಲೀಸ್ ಮಾಡಿದವನಿಗೆ, ರಾತ್ರಿ ಮೂರಕ್ಕೆ ಸರ್ವರ್ ಬಿದ್ದಾಗ ಎದ್ದು ಕೂರೋನಿಗಲ್ಲ. ರಂಗಶಂಕರ ವರ್ಷಕ್ಕೆ ಮುನ್ನೂರರ ಹತ್ತಿರ ಸಂಜೆ ಅಂತ ಲೆಕ್ಕ ಹಾಕಿ, ಕೊರೊನಾ ಕಾಲ ಕಳೆದು ನೋಡಿದರೂ 20 ವರ್ಷಕ್ಕೆ ಎಷ್ಟು ಸಲ ಆ ಬಾಗಿಲು ಸಮಯಕ್ಕೆ ಸರಿಯಾಗಿ ಮುಚ್ಚಿರಬೇಕು! ಇದಕ್ಕೆ ಹೋಲಿಸೋಕೆ ನಮ್ಮೂರಲ್ಲೇ ಒಂದು ಉದಾಹರಣೆ ಇದೆ. ಅನುದಾನದಲ್ಲಿ ಕಟ್ಟಿದ ಬಯಲು ರಂಗಮಂದಿರ. ಉದ್ಘಾಟನೆಯ ಕಲ್ಲಿನಲ್ಲಿ ಹನ್ನೊಂದು ಜನರ ಹೆಸರಿದೆ. ಈಗ ಅದರ ಮೇಲೆ ರಾಗಿ ಒಣಗತ್ತೆ, ಮಧ್ಯಾಹ್ನ ಇಸ್ಪೀಟ್ ನಡೆಯತ್ತೆ, ಕುರುಕ್ಷೇತ್ರ ಮಾತ್ರ ಪಕ್ಕದ ಗದ್ದೆಯಲ್ಲಿ ಬಾಡಿಗೆ ಸ್ಟೇಜ್ ಹಾಕಿಸಿ ಆಡ್ತಾರೆ, ಯಾಕೆಂದರೆ ಆ ರಂಗಮಂದಿರದಲ್ಲಿ ಸೀನರಿ ಕಟ್ಟೋಕೆ ಜಾಗವೇ ಬಿಟ್ಟಿಲ್ಲ. ಕಟ್ಟಿದವರು ಯಾರೂ ನಾಟಕ ಆಡಿದವರಲ್ಲ ಅಂತ ನೋಡಿದ ಕೂಡಲೇ ಗೊತ್ತಾಗತ್ತೆ.

ರಂಗಶಂಕರ ಕಟ್ಟಿದವರು ನಾಟಕ ಆಡುವವರು, ಮತ್ತು ಕಟ್ಟಿ ಆದಮೇಲೂ ಆಡೋದನ್ನ ಬಿಡಲಿಲ್ಲ. 2005ನೇ ಇಸವಿಯನ್ನೇ ತಗೊಳ್ಳಿ. ಬಾಗಿಲು ತೆರೆದು ಇನ್ನೂ ಒಂದು ವರ್ಷ ಆಗಿಲ್ಲ. ಆ ಒಂದೇ ವರ್ಷದಲ್ಲಿ ಅರುಂಧತಿ ನಾಗ್ ಎರಡು ಪಾತ್ರ ಮಾಡಿದರು. ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಕಮ್ಮಿ ಅಂತ ನನ್ನ ಅನುಮಾನ, ಯಾಕೆಂದರೆ ಎರಡರ ಪ್ರೇಕ್ಷಕರು ಬೇರೆ ಬೇರೆ.

ಮೊದಲನೆಯದು ಕಾರ್ನಾಡರ 'ಒಡಕಲು ಬಿಂಬ'. ಮಂಜುಳಾ ನಾಯಕ್ ಅನ್ನೋ ಕನ್ನಡ ಲೇಖಕಿ, ಇಂಗ್ಲಿಷ್ ಪಾಠ ಮಾಡೋ ಕೆಲಸ. ಕನ್ನಡದಲ್ಲಿ ಬರೀತಿದ್ದಾಗ ಹೆಚ್ಚು ಜನಕ್ಕೆ ಗೊತ್ತಿಲ್ಲ. ಒಂದು ಇಂಗ್ಲಿಷ್ ಕಾದಂಬರಿ ಬರತ್ತೆ, ಹೆಸರು, ದುಡ್ಡು ಎಲ್ಲ ಬರತ್ತೆ. ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋದಿರಲ್ಲ ಅಂತ ಕೇಳೋರಿಗೆ ಟಿವಿ ಸ್ಟುಡಿಯೋದಲ್ಲಿ ನಿಂತು ಉತ್ತರ ಕೊಟ್ಟು ಮುಗಿಸಿ ಹೊರಡಬೇಕು, ಅಷ್ಟರಲ್ಲಿ ಪರದೆ ಮೇಲಿರೋ ಅವಳದೇ ಮುಖ ಅವಳನ್ನ ಪ್ರಶ್ನೆ ಕೇಳೋಕೆ ಶುರು ಮಾಡತ್ತೆ. ಮುಂದಿನದು ನೀವೇ ನೋಡಿ. ಇಂಜಿನಿಯರ್ ಕಣ್ಣಿಗೆ ಇದರ ಕಷ್ಟ ಬೇರೆಯೇ. ಪರದೆಯ ಮುಖ ಮೊದಲೇ ಚಿತ್ರೀಕರಿಸಿದ್ದು, ಅದು ಯಾರಿಗೂ ಕಾಯಲ್ಲ. ವೇದಿಕೆ ಮೇಲಿರೋ ನಟಿ ತನ್ನದೇ ಮುಖದ ಜೊತೆ ಸೆಕೆಂಡಿಗೆ ಸೆಕೆಂಡ್ ಹೊಂದಿಕೊಂಡು ಮಾತಾಡಬೇಕು, ನಗಬೇಕು, ತಡವರಿಸಬೇಕು. ಒಂದು ವಾಕ್ಯ ತಪ್ಪಿದರೆ ಸರಿಮಾಡೋಕೆ ಎದುರಿಗೆ ಸಹನಟ ಇಲ್ಲ. ಇದನ್ನೇ ಅವರು ಹಿಂದಿಯಲ್ಲಿ 'ಬಿಖ್ರೇ ಬಿಂಬ್' ಅಂತಲೂ ಮಾಡಿದರು.

ಎರಡನೆಯದು ಪ್ರೇಮ್ ನಿರ್ದೇಶನದ 'ಜೋಗಿ'. ಶಿವರಾಜ್‌ಕುಮಾರ್ ಮಗ, ಅರುಂಧತಿ ತಾಯಿ. ಹಳ್ಳಿಯಿಂದ ಬೆಂಗಳೂರಿಗೆ ಬಂದ ಮಗ ಲಾಂಗ್ ಹಿಡಿಯೋನಾಗಿಬಿಟ್ಟಿದ್ದಾನೆ. ಅವನನ್ನ ಹುಡುಕಿಕೊಂಡು ತಾಯಿ ಬರ್ತಾಳೆ. ಊರೆಲ್ಲ ಅಲೀತಾಳೆ. ಕೈಗೆ ಸಿಗೋಷ್ಟು ಹತ್ತಿರ ಬಂದರೂ ಒಬ್ಬರಿಗೊಬ್ಬರು ಸಿಗಲ್ಲ. ಕೊನೆಗೆ ತಾಯಿಯ ಹೆಣದ ಮುಂದೆಯೇ, ಅದು ಯಾರದ್ದು ಅಂತ ಗೊತ್ತಿಲ್ಲದೆ, ಮಗ ಕುಣೀತಾನೆ. ನಾನಾಗ ಹೈಸ್ಕೂಲಿನಲ್ಲಿದ್ದೆ. ತುಮಕೂರಿನ ಟಾಕೀಸಿಗೆ ಟ್ರ್ಯಾಕ್ಟರಿನಲ್ಲಿ ಹೆಂಗಸರು ಹೋಗಿ ಅತ್ತು ಬಂದರು. ಅವರಲ್ಲಿ ನಮ್ಮಮ್ಮನೂ ಒಬ್ಬಳು. ಮನೆಮನೆಯಲ್ಲೂ ಬೆಂಗಳೂರಿಗೆ ಹೋದ ಒಬ್ಬ ಮಗ ಇದ್ದ ಕಾಲ. ಗಾರ್ಮೆಂಟ್ಸ್, ಸೆಕ್ಯೂರಿಟಿ, ಹೋಟೆಲು, ಪೀಣ್ಯದ ಫ್ಯಾಕ್ಟರಿ. ಎಲ್ಲರ ಹತ್ತಿರ ಮೊಬೈಲ್ ಇರಲಿಲ್ಲ, ವಿಳಾಸ ಅಂದರೆ ಒಂದು ಚೀಟಿ. ಆ ಸಿನಿಮಾದಲ್ಲಿ ಹಳ್ಳಿ ಹೆಂಗಸರು ನೋಡಿದ್ದು ರೌಡಿ ಕಥೆಯನ್ನಲ್ಲ, ಆ ಚೀಟಿ ಕಳೆದುಹೋಗೋ ಭಯವನ್ನ.

ಸುಮಾರು ವರ್ಷದ ಮೇಲೆ ಅಮ್ಮನಿಗೆ ಹೇಳಿದೆ, ಆಯಮ್ಮ ನಮ್ಮ ಕಡೆಯವಳಲ್ಲ, ಬೊಂಬಾಯಿನಲ್ಲಿ ಬೆಳೆದವರು ಅಂತ. ಅಮ್ಮ ರೊಟ್ಟಿ ತಟ್ಟೋದನ್ನ ನಿಲ್ಲಿಸಲಿಲ್ಲ. 'ಸುಳ್ಳು ಹೇಳ್ಬೇಡ. ಸೆರಗು ಹೊದ್ಕೊಳೋದು ನೋಡಿದ್ರೆ ಗೊತ್ತಾಗಲ್ವಾ?' ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಎಲ್ಲಿಯವಳಾದ್ರೆ ಏನು, ಕಲ್ತವ್ಳೆ' ಅಂದಳು. ಮುಂದೆ 2009ರ 'ಪಾ' ಸಿನಿಮಾಕ್ಕೆ ಅರುಂಧತಿಯವರಿಗೆ ಶ್ರೇಷ್ಠ ಪೋಷಕ ನಟಿ ಅಂತ ರಾಷ್ಟ್ರಪ್ರಶಸ್ತಿ ಬಂತು, 2010ರಲ್ಲಿ ಪದ್ಮಶ್ರೀ ಬಂತು. ನಮ್ಮಮ್ಮನ ಸರ್ಟಿಫಿಕೇಟನ್ನೂ ಅವುಗಳ ಪಕ್ಕದಲ್ಲೇ ಇಡಬಹುದು ಅಂತ ನನಗನ್ನಿಸತ್ತೆ. ಒಂದೇ ವರ್ಷದಲ್ಲಿ ಕನ್ನಡ ಬಿಟ್ಟು ಹೋದ ಲೇಖಕಿಯೂ ಆಗಿ, ಕನ್ನಡ ಬಿಟ್ಟು ಬೇರೇನೂ ಗೊತ್ತಿಲ್ಲದ ತಾಯಿಯೂ ಆಗಿ, ಎರಡನ್ನೂ ನಂಬಿಸೋದಕ್ಕೆ ಭಾಷೆಯನ್ನ ಹೊರಗಿಂದ ಬಂದು ಒಳಗಿನ ತನಕ ಕಲಿತಿರಬೇಕು. ಹುಟ್ಟಿನಿಂದ ಸಿಕ್ಕಿದವರಿಗೆ ಆ ದಾರಿಯ ಅಳತೆ ಗೊತ್ತಿರಲ್ಲ. ನಾವು ನಡೆದೇ ಇಲ್ಲವಲ್ಲ.

ಇದನ್ನ ಯಾಕೆ ಇಷ್ಟು ಹೇಳ್ತಿದ್ದೀನಿ ಅಂದರೆ, ನಾನಿರೋ ಜಾಗದಲ್ಲಿ ಈ ಪ್ರಶ್ನೆ ದಿನಾ ಎದುರಾಗತ್ತೆ. 2017ರ ಜೂನ್‌ನಲ್ಲಿ ನಮ್ಮ ಹಸಿರು ಮಾರ್ಗದ ಮೆಟ್ರೋ ಯಲಚೇನಹಳ್ಳಿ ತನಕ ಬಂತು. ಮುಂದಿನ ತಿಂಗಳೇ ಮೆಟ್ರೋ ಫಲಕಗಳಲ್ಲಿ ಹಿಂದಿ ಬೇಡ ಅನ್ನೋ ಚಳವಳಿ ಜೋರಾಯ್ತು. ನಾನೂ ಅದರ ಪರ, ಈಗಲೂ ಪರವೇ. ನನ್ನ ತೆರಿಗೆಯಲ್ಲಿ ಓಡೋ ರೈಲು ನನ್ನ ಭಾಷೆಯಲ್ಲಿ ಮಾತಾಡಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫಲಕದ ಜಗಳ ಸರ್ಕಾರದ ಜೊತೆಗಿನ ಜಗಳ. ಅದು ನಿಧಾನಕ್ಕೆ ಜಾರಿ ನಮ್ಮ ಬೀದಿಯ ಪಾನಿಪುರಿಯವನ ಮೇಲೆ, ಪಿಜಿಯಲ್ಲಿರೋ ಹುಡುಗಿಯರ ಮೇಲೆ, ಆಫೀಸಿನಲ್ಲಿ ಪಕ್ಕ ಕೂರೋನ ಮೇಲೆ ಹೋಗೋದನ್ನ ನೋಡಿದ್ದೀನಿ. ಜರಗನಹಳ್ಳಿ, ಸಾರಕ್ಕಿ, ಪುಟ್ಟೇನಹಳ್ಳಿ ಎಲ್ಲ ಒಂದು ಕಾಲಕ್ಕೆ ಕೆರೆ ನೀರಲ್ಲಿ ಬೆಳೆ ತೆಗೀತಿದ್ದ ಊರುಗಳು. ಆ ಲೆಕ್ಕದಲ್ಲಿ ಇಲ್ಲಿಯ ಮೂಲ ಮನೆಗಳವರಿಗೆ ಗುಬ್ಬಿಯಿಂದ ಬಂದ ನಾನೂ ಬಾಡಿಗೆಗೆ ಬಂದವನೇ. ನಮ್ಮ ಓನರ್ ಅಜ್ಜಿ ಮೊದಲ ದಿನ ನನ್ನ ಮಾತು ಕೇಳಿ 'ನಿಮ್ದು ತುಮಕೂರು ಕಡೆ ಕನ್ನಡ' ಅಂತ ಹೇಳಿದ್ದರು, ಅದರಲ್ಲಿ ಹೊಗಳಿಕೆಯೇನೂ ಇರಲಿಲ್ಲ!

ಅರುಂಧತಿ ಬೆಂಗಳೂರಿಗೆ ಬಂದಾಗ ಯಾರೋ ಅವರ ತಪ್ಪು ಉಚ್ಚಾರಣೆಗೆ ನಕ್ಕಿದ್ದರೂ ಇರಬಹುದು, ಆದರೆ ಅವರನ್ನ ಸ್ಟೇಜಿಂದ ಇಳಿಸಲಿಲ್ಲ. ಪಾತ್ರ ಕೊಟ್ಟರು. ಆಗಿನ ಕನ್ನಡ ರಂಗಭೂಮಿಗೆ ಆ ಧೈರ್ಯ ಇತ್ತು. ಮುಯ್ಯಿ ಪುಸ್ತಕದಲ್ಲಿ ಬರೆಯೋದಾದರೆ ಮೊದಲ ಸಾಲಿನಲ್ಲಿ ಅದೇ ಬರಬೇಕು. ಆಮೇಲಿನ ಸಾಲುಗಳು ಅವರು ಹಿಂದಿರುಗಿಸಿದ್ದು. ಅದು ಕೊಟ್ಟವರ ಕೈಗೇ ಹೋಗಿಲ್ಲ ಅನ್ನೋದು ಬೇರೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಅವರಿಗೆ ಜಾಗ ಕೊಟ್ಟ ಹಿರಿಯರಲ್ಲಿ ಎಷ್ಟೋ ಜನ ಈಗಿಲ್ಲ, ಜೆ.ಪಿ. ನಗರದಲ್ಲೇ ಇದ್ದ ಕಾರ್ನಾಡರೂ 2019ರ ಜೂನ್‌ನಲ್ಲಿ ಹೋದರು. ಈಗ ಅದು ತಲುಪುತ್ತಿರೋದು ಇಂಜಿನಿಯರಿಂಗ್ ಮುಗಿಸಿ ಶನಿವಾರ ಭಾನುವಾರ ರಿಹರ್ಸಲ್ ಮಾಡೋ ಹುಡುಗರಿಗೆ, ಕನ್ನಡದ ಜೊತೆಗೆ ಹಿಂದಿ, ಇಂಗ್ಲಿಷ್ ಹೀಗೆ ಬೇರೆ ಬೇರೆ ಭಾಷೆಯಲ್ಲಿ ಆಡೋ ತಂಡಗಳಿಗೆ. ರಂಗಶಂಕರದಲ್ಲಿ ಕನ್ನಡ ಮಾತ್ರ ಇರಬೇಕು ಅಂತ ಆಗಾಗ ಸ್ನೇಹಿತರು ವಾದಕ್ಕೆ ಬರ್ತಾರೆ. ನಾನು ಅವರ ಜೊತೆ ಒಪ್ಪಲ್ಲ. ಮರಾಠಿ ನಾಟಕದ ಬುತ್ತಿ ಬಿಚ್ಚಿ ಕನ್ನಡಕ್ಕೆ ಬಡಿಸಿದವರ ಮನೆಯಲ್ಲಿ ಬೇರೆ ಭಾಷೆಗೆ ಎಲೆ ಹಾಕಲ್ಲ ಅಂದರೆ ಹೇಗೆ?

ನಮ್ಮ ಆಫೀಸಿನಲ್ಲಿ ಒಡಿಶಾದ ಹುಡುಗ ಒಬ್ಬನಿದ್ದಾನೆ. ಕಾಲೇಜಿನಲ್ಲಿ ನಾಟಕ ಆಡಿದ್ದನಂತೆ. ಕಳೆದ ವರ್ಷ ಅವನನ್ನ ಒಂದು ಕನ್ನಡ ನಾಟಕಕ್ಕೆ ಕರ್ಕೊಂಡು ಹೋಗಿದ್ದೆ. ಮಾತು ಅರ್ಧ ಅರ್ಥ ಆಗಲಿಲ್ಲ, ನನ್ನನ್ನ ಕೇಳೋ ಹಾಗೂ ಇಲ್ಲ, ಒಳಗೆ ಪಿಸುಗುಟ್ಟಿದರೆ ಮುಂದಿನ ಸಾಲಿನವರು ತಿರುಗಿ ನೋಡ್ತಾರೆ. ಮುಗಿದ ಮೇಲೆ ಕೆಫೆಯಲ್ಲಿ ಕೂತು ಒಂದು ಗಂಟೆ ಪ್ರಶ್ನೆ ಕೇಳಿದ. ಈಗ ಒಂದು ತಂಡದ ಜೊತೆ ಲೈಟಿಂಗ್ ಮಾಡ್ತಿದ್ದಾನೆ. 'ಸ್ವಲ್ಪ ಕನ್ನಡ ಗೊತ್ತು' ಅನ್ನೋದನ್ನ ದಾಟಿ, ಕ್ಯೂ ಶೀಟಿನಲ್ಲಿ ಸಂಭಾಷಣೆಯ ಕೊನೇ ಪದಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕೂತಿರ್ತಾನೆ. ಹೋದ ತಿಂಗಳು ಅವರ ಪ್ರಯೋಗ ಇತ್ತು. ನಾನು ಜರಗನಹಳ್ಳಿಯಿಂದ ಆರೂವರೆಗೇ ಹೊರಟೆ. ಸಾರಕ್ಕಿ ಸಿಗ್ನಲ್ಲನ್ನ ನಂಬೋ ಹಾಗಿಲ್ಲ, ಸ್ನೇಹಿತನ ನಾಟಕ ಅಂದರೂ ಏಳೂವರೆ ಮೇಲೆ ಬಿಡಲ್ಲ. ನೀವೂ ಹೋಗೋದಾದರೆ ಮೊದಲು ಸಾಬೂದಾನ ವಡೆ ಮುಗಿಸಿಕೊಳ್ಳಿ, ಒಳಗೆ ತಿನ್ನೋ ಹಾಗಿಲ್ಲ. ಸೋಮವಾರ ರಜೆ.